ಮೀನಿಗೆ ಹೇಳಿದ ಸುಳ್ಳು

ಕನ್ನಡದ ‘ಎರೆ’ ಎಂಬ ಪದ ಈಚೆಗೆ ನನ್ನನ್ನು ಬಹಳವಾಗಿ ಕಾಡಿದೆ. ಗಾಳದ ಮೊನೆಗೆ ಚುಚ್ಚಿ ನೀರಿಗೆ ಬಿಡುವುದನ್ನು ನಾವು ಎರೆ ಎನ್ನುತ್ತೇವೆ. ಆದರೆ ನಿಘಂಟನ್ನು ತೆರೆದು ನೋಡಿದರೆ ಈ ಮಾತಿಗೆ ಇನ್ನೊಂದು, ಇದಕ್ಕಿಂತ ಮುಗ್ಧವಾದ ಅರ್ಥವೂ ಸಿಕ್ಕುತ್ತದೆ: ಪ್ರಾಣಿಗಳ ಆಹಾರ. ತಮಿಳಿನ ‘ಇರೈ’, ಮಲಯಾಳದ ‘ಇರ’ ಎಂಬ ಮಾತುಗಳಿಗೂ ಇವೇ ಎರಡು ಅರ್ಥಗಳುಂಟು. ಹಕ್ಕಿ ತನ್ನ ಮರಿಯ ಬಾಯಿಗೆ ಇಡುವುದೂ ಅದೇ, ಮನುಷ್ಯ ಮೀನಿನ ಬಾಯಿಗೆ ಇಡುವುದೂ ಅದೇ. ತುತ್ತಿಗೂ ಮೋಸಕ್ಕೂ ಒಂದೇ ಹೆಸರಿಟ್ಟು ಭಾಷೆ ಉದಾಸೀನ ಮಾಡಿತೋ, ಅಥವಾ ವಿಷಯವನ್ನು ನಮಗಿಂತ ಚೆನ್ನಾಗಿ ಬಲ್ಲುದೋ, ಹೇಳಲಾರೆ. ಒಂದು ಮಾತಂತೂ ನಿಜ. ಎರೆಯಲ್ಲಿ ಸುಳ್ಳೇನೂ ಇಲ್ಲ. ಹುಳು ನಿಜವಾದ ಹುಳುವೇ, ಸಿಗಡಿ ನಿಜವಾದ ಸಿಗಡಿಯೇ. ಮೀನು ಬಯಸಿದ್ದು ಅದಕ್ಕೆ ಸಿಕ್ಕೇ ಸಿಕ್ಕುತ್ತದೆ. ಅದರೊಳಗೆ ಮತ್ತೇನಿದೆ ಎಂಬುದನ್ನು ಮಾತ್ರ ಯಾರೂ ಅದಕ್ಕೆ ಹೇಳುವುದಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಬಗೆಯ ಎರೆಯುಂಟು. ಅದಕ್ಕೆ ಕನ್ನಡದಲ್ಲಿ ನೆಲೆಯಾದ ಹೆಸರಿಲ್ಲ. ಹಿಡಿಯುವವರು ಇಂಗ್ಲಿಷಿನಂತೆ ‘ಲ್ಯೂರ್’ ಎಂದೇ ಕರೆಯುತ್ತಾರೆ. ನಾನು ಅದನ್ನು ಹುಸಿಯೆರೆ ಎನ್ನುತ್ತೇನೆ. ಮರದಿಂದಲೋ ಪ್ಲಾಸ್ಟಿಕ್ಕಿನಿಂದಲೋ ತಗಡಿನಿಂದಲೋ ಮಾಡಿ, ಬಣ್ಣ ಬಳಿದು, ಕಣ್ಣು ಬರೆದ ಮೀನಿನ ಗೊಂಬೆ ಅದು. ಅದರಲ್ಲಿ ತಿನ್ನುವುದಕ್ಕೆ ಏನೇನೂ ಇಲ್ಲ. ಅದು ತಲೆಯಿಂದ ಬಾಲದವರೆಗೆ ಸುಳ್ಳು.

ಈ ಎರಡನ್ನೂ ಅಕ್ಕಪಕ್ಕದಲ್ಲಿ ನೋಡಬೇಕಾದರೆ ನಮ್ಮ ಕರಾವಳಿಯಲ್ಲಿ ಬಂಡೆಗಳಿರುವ ಯಾವುದಾದರೂ ಕಡೆಗೆ ಹೋಗಬೇಕು. ಉಳ್ಳಾಲದ ಬಳಿಯ ಸೋಮೇಶ್ವರದಲ್ಲಿ, ಸುರತ್ಕಲ್ಲಿನಲ್ಲಿ, ಇನ್ನೂ ಉತ್ತರಕ್ಕೆ ಗೋಕರ್ಣದ ಸುತ್ತಮುತ್ತ ಅಂಥ ಕಡೆಗಳುಂಟು. ನಾನು ಹೆಚ್ಚಾಗಿ ಹೋಗುವುದು ಕಾಪುವಿಗೆ. 1901ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿ ಬಂಡೆಯೊಂದರ ಮೇಲೆ ನಿಂತಿದೆ. ಅದನ್ನು ನೋಡಲು ಬಂದವರು ಫೋಟೋ ತೆಗೆಸಿಕೊಂಡು, ಚುರುಮುರಿ ತಿಂದು ಹಿಂದಿರುಗುತ್ತಾರೆ. ಅವರ ಬೆನ್ನ ಹಿಂದೆ, ಅಲೆ ಬಡಿಯುವ ಕೆಳಗಿನ ಬಂಡೆಗಳ ಮೇಲೆ, ಒಬ್ಬರೋ ಇಬ್ಬರೋ ಸುಮ್ಮನೆ ನಿಂತಿರುತ್ತಾರೆ. ಅವರನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ.

ಅವರಲ್ಲಿ ಒಬ್ಬಾತ ವಯಸ್ಸಾದ ಮೊಗವೀರರು. ದೋಣಿಯ ಕೆಲಸವನ್ನು ಬಿಟ್ಟು ಬಹಳ ಕಾಲವಾಯಿತು. ಅವರ ಬಳಿ ಕೋಲೂ ಇಲ್ಲ. ಒಂದು ಮರದ ತುಂಡಿಗೆ ಸುತ್ತಿದ ನೈಲಾನ್ ದಾರ, ಸೀಸದ ಗುಂಡು, ಗಾಳ, ತೆಂಗಿನ ಕರಟದಲ್ಲಿ ಸಿಗಡಿಯ ತುಂಡುಗಳು, ಇಲ್ಲವೆ ಉದ್ದಕ್ಕೆ ಸೀಳಿದ ಬೂತಾಯಿ. ಉಬ್ಬರ ಏರತೊಡಗಿದ ಹೊತ್ತನ್ನು ನೋಡಿಕೊಂಡು ಬರುತ್ತಾರೆ. ನೀರು ಏರಿ ಬಂಡೆಯ ಬಿರುಕುಗಳಿಗೆ ನುಗ್ಗಿದಾಗ ಅಲ್ಲಿನ ಏಡಿಗಳೂ ಹುಳುಗಳೂ ಕದಲುತ್ತವೆ. ಅವನ್ನು ಅರಸಿಕೊಂಡು ಮೀನುಗಳು ದಡದ ತೀರ ಸಮೀಪಕ್ಕೆ, ಬಿಳಿನೊರೆಯ ಅಡಿಗೇ ಬರುತ್ತವೆ. ದಾರವನ್ನು ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಬೀಸಿ ಒಗೆದು, ಅದನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕೂತರೆ ಆಯಿತು. ಅಲೆ ಎಳೆಯುವುದೇ ಬೇರೆ, ಕಲ್ಲಿಗೆ ತೊಡರುವುದೇ ಬೇರೆ, ಮೀನು ಮುಟ್ಟುವುದೇ ಬೇರೆ; ಇಷ್ಟೂ ಅವರಿಗೆ ಆ ಒಂದು ಬೆರಳಿನಿಂದಲೇ ಗೊತ್ತಾಗುತ್ತದೆ. ಮುರು ಮೀನು ಕಚ್ಚಿದರೆ ಕ್ಷಣ ತಡಮಾಡುವಂತಿಲ್ಲ. ಅದು ತುತ್ತಿನೊಡನೆ ನೇರವಾಗಿ ತನ್ನ ಪೊಟರೆಗೆ ನುಗ್ಗಿ ಒಳಗೆ ಸೆಟೆದು ನಿಲ್ಲುತ್ತದೆ. ಆಮೇಲೆ ದಾರ ಕಡಿಯುವುದೊಂದೇ ದಾರಿ. ಎರಡು ಮೀನು ಬಿದ್ದರೆ ಆತ ದಾರ ಸುತ್ತಿಕೊಂಡು ಮನೆಗೆ ಹೊರಡುತ್ತಾರೆ. ಮೂರನೆಯದು ಅವರಿಗೆ ಬೇಕಿಲ್ಲ.

ಇನ್ನೊಬ್ಬರು ನನ್ನ ಗೆಳೆಯರು, ಬ್ಯಾಂಕಿನಲ್ಲಿ ಕೆಲಸ. ರಜಾದಿನ ಬೆಳಕು ಹರಿಯುವ ಮೊದಲೇ ಎಂಟು ಒಂಬತ್ತು ಅಡಿಯ ಕೋಲು, ರಾಟೆ, ಪೆಟ್ಟಿಗೆಯ ತುಂಬ ಹುಸಿಯೆರೆಗಳೊಡನೆ ಬಂಡೆಯ ಮೇಲೆ ಹಾಜರು. ಆ ಪೆಟ್ಟಿಗೆಯನ್ನು ನೋಡಿದರೆ ಮಕ್ಕಳ ಆಟಿಕೆಯ ಅಂಗಡಿಯ ನೆನಪಾಗುತ್ತದೆ. ಒಂದು ಗೊಂಬೆಗೆ ಗದ್ದದ ಕೆಳಗೆ ಪಾರದರ್ಶಕವಾದ ನಾಲಗೆ; ಎಳೆದಾಗ ನೀರು ಅದಕ್ಕೆ ಬಡಿದು ಗೊಂಬೆ ಕೆಳಕ್ಕೆ ಮುಳುಗಿ ಅತ್ತಿತ್ತ ಓಲಾಡುತ್ತದೆ. ಇನ್ನೊಂದರ ಮುಖ ಬಟ್ಟಲಿನಂತೆ ತಗ್ಗು. ಜಗ್ಗಿದಾಗಲೆಲ್ಲ ನೀರಿನ ಮೇಲೆ ಗುಳುಕ್ಕೆಂದು ಚಿಮ್ಮುತ್ತದೆ. ಕೆಲವಕ್ಕೆ ಹೊಟ್ಟೆಯೊಳಗೆ ಉಕ್ಕಿನ ಗುಂಡುಗಳಿದ್ದು ಗಲಗಲ ಸದ್ದು ಮಾಡುತ್ತವೆ. ಮೀನಿನ ಎರಡು ಪಕ್ಕೆಗಳಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಹೋಗಿರುತ್ತದಷ್ಟೆ. ಅದು ಬರಿಯ ಅಲಂಕಾರವಲ್ಲ, ನೀರಿನ ಅತಿ ಸಣ್ಣ ಕದಲಿಕೆಯನ್ನೂ ಗ್ರಹಿಸುವ ಇಂದ್ರಿಯ. ಕತ್ತಲೆಯಲ್ಲಿಯೂ ಕಲಕಿದ ನೀರಿನಲ್ಲಿಯೂ ಮೀನು ಮತ್ತೊಂದು ಮೀನನ್ನು ಅದರಿಂದಲೇ ಅರಿಯುತ್ತದೆ. ಹುಸಿಯೆರೆ ಮಾತಾಡುವುದು ಆ ಇಂದ್ರಿಯದೊಡನೆ. ಅದು ಹೇಳುವ ಮಾತು ಒಂದೇ: ‘ನಾನು ಗಾಯಗೊಂಡಿದ್ದೇನೆ, ನನಗೆ ಓಡಲಾಗುತ್ತಿಲ್ಲ.’ ಗೆಳೆಯರ ಕೈಚಳಕವೆಲ್ಲ ಈ ಮಾತನ್ನು ನಂಬುವಂತೆ ಹೇಳಿಸುವುದರಲ್ಲಿದೆ. ಎಳೆಯುವುದು, ತಡೆಯುವುದು, ಸ್ವಲ್ಪ ಸಡಿಲಬಿಡುವುದು, ಮತ್ತೆ ಹೆದರಿದಂತೆ ಜಗ್ಗುವುದು. ಒಂದು ಸಲ ಸುಮ್ಮನೆ ನೋಡುತ್ತ ನಿಂತಿದ್ದಾಗ, ಇದು ನಟನೆ ಎಂಬುದು ಗೊತ್ತಿದ್ದೂ, ಆ ಗೊಂಬೆಯ ಮೇಲೆ ನನಗೇ ಕನಿಕರ ಹುಟ್ಟಿತು.

ಈ ಇಬ್ಬರಲ್ಲಿ ಯಾರು ಹೆಚ್ಚು ಪ್ರಾಮಾಣಿಕರು? ಪ್ರಶ್ನೆ ಹುಡುಗಾಟದ್ದೆಂದು ವಾಚಕರಿಗೆ ತೋರಬಹುದು. ಆದರೆ ಸುಳ್ಳು, ಅರ್ಧ ಸತ್ಯ, ಬಲಾತ್ಕಾರ, ಆಟ ಎಂದು ನಾವು ಬೇರೆಬೇರೆಯಾಗಿ ಎಣಿಸುವ ಪಾಪಗಳು ಒಂದು ಬಂಡೆಯ ಮೇಲೆ, ಕೈಗೆಟುಕುವಷ್ಟು ಹತ್ತಿರದಲ್ಲಿ ಒಟ್ಟಿಗೆ ಕಾಣಸಿಗುವುದು ಅಪರೂಪ.

ಮೊಗವೀರರ ಪರವಾದ ಮಾತು ಸುಲಭವಾದದ್ದು: ಅವರು ಕೊಟ್ಟದ್ದು ನಿಜವಾದ ಆಹಾರ. ಆದರೆ ನಮ್ಮ ಪರಂಪರೆಯಲ್ಲಿ ನಿಜವನ್ನೇ ಎರೆಯಾಗಿ ಬಳಸಿದ ಮಹಾಪ್ರಸಂಗವೊಂದುಂಟಲ್ಲ! ಅಶ್ವತ್ಥಾಮನೆಂಬ ಆನೆ ನಿಜವಾಗಿಯೂ ಸತ್ತಿತ್ತು. ಧರ್ಮರಾಯ ಆಡಿದ್ದರಲ್ಲಿ ಅಕ್ಷರಶಃ ಸುಳ್ಳಿರಲಿಲ್ಲ. ದ್ರೋಣರು ನುಂಗಿದ್ದು ನಿಜವನ್ನೇ. ಗಾಳ ಅದರ ಒಳಗಿತ್ತು. ಅಂದಿನಿಂದ ನೆಲದ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಹರಿಯುತ್ತಿದ್ದ ಅವನ ರಥ ನೆಲಕ್ಕಿಳಿಯಿತೆಂದು ಕಥೆ. ಕೃಷ್ಣನೋ ಶಕುನಿಯೋ ಹಸಿ ಸುಳ್ಳನ್ನೇ ಹೇಳಿದ್ದರೆ ಯಾರ ರಥವೂ ಇಳಿಯುತ್ತಿರಲಿಲ್ಲ. ಅವರ ರಥಗಳು ಮೊದಲಿಗೇ ನೆಲದ ಮೇಲಿದ್ದವು. ಸತ್ಯಕ್ಕೆ ಸಂದ ಗೌರವವನ್ನು ಸುಳ್ಳಿನ ಕೆಲಸಕ್ಕೆ ದುಡಿಸಿಕೊಂಡದ್ದು ಧರ್ಮರಾಯನ ತಪ್ಪು. ಹಾಗೆ ನೋಡಿದರೆ ಸಿಗಡಿಯ ತುಂಡಿಗಿಂತ ಪ್ಲಾಸ್ಟಿಕ್ಕಿನ ಗೊಂಬೆಯೇ ವಾಸಿ. ಅದು ಯಾವ ಸತ್ಯದ ಹೆಸರನ್ನೂ ಕೆಡಿಸುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು: ಮೀನಿಗೆ ಸುಳ್ಳು ಹೇಳುವುದೆಂದರೇನು? ಸುಳ್ಳಿಗೆ ಮೊದಲು ಒಂದು ನಂಬಿಕೆ ಬೇಕು, ಇಬ್ಬರ ನಡುವೆ ಮಾತಿನ ಒಪ್ಪಂದ ಬೇಕು. ಮೀನು ನಮ್ಮನ್ನು ನಂಬಿ ಯಾವ ಕಾಲದಲ್ಲಿಯೂ ಬಾಯಿ ತೆರೆಯಲಿಲ್ಲ. ಅಷ್ಟೇ ಅಲ್ಲ, ಕಡಲಿನಲ್ಲಿ ಮೋಸವೆಂಬುದು ಮನುಷ್ಯ ಕಲಿಸಿದ ವಿದ್ಯೆಯಲ್ಲ. ತಲೆಯ ಮೇಲೆ ಸಣ್ಣ ಕೋಲು, ಅದರ ತುದಿಗೆ ಹುಳುವಿನಂಥ ಮಾಂಸದ ಚೂರು, ಇವನ್ನು ಹೊತ್ತೇ ಹುಟ್ಟುವ ಮೀನುಗಳುಂಟು. ಅವು ಕಲ್ಲಿನಂತೆ ಬಿದ್ದಿದ್ದು ಆ ಚೂರನ್ನು ಕುಣಿಸಿ, ಹತ್ತಿರ ಬಂದದ್ದನ್ನು ನುಂಗುತ್ತವೆ. ಹಕ್ಕಿಗಳಲ್ಲಿಯೂ ಇದುಂಟು. ಜಪಾನಿನ ಕುಮಾಮೊಟೊ ನಗರದ ಉದ್ಯಾನದ ಕೊಳದಲ್ಲಿ ಒಂದು ಜಾತಿಯ ಸಣ್ಣ ಬಕಗಳು ಹುಳುವನ್ನೋ ಎಲೆಯನ್ನೋ ನೀರಿಗೆ ಹಾಕಿ, ಮೂಸಲು ಬಂದ ಮೀನನ್ನು ಹಿಡಿಯುವುದನ್ನು ಪ್ರಾಣಿಶಾಸ್ತ್ರಜ್ಞರು 1980ರ ದಶಕದಲ್ಲಿ ಕೂತು ನೋಡಿ ಬರೆದಿದ್ದಾರೆ. ಹುಳುವೆಂದರೆ ಎರೆ, ಎಲೆಯೆಂದರೆ ಹುಸಿಯೆರೆ. ಎರಡು ಪಂಥಗಳೂ ಬಕಗಳಲ್ಲಿಯೇ ಇವೆಯೆಂದಾಯಿತು. ನಾವು ‘ಬಕಧ್ಯಾನ’ ಎಂದು ಕಪಟಿಗಳನ್ನು ಹಳಿಯುವಾಗ ಬಕನಿಗೆ ಅನ್ಯಾಯ ಮಾಡುತ್ತೇವೆ. ಅದು ಧ್ಯಾನ ಮಾಡುತ್ತಿದ್ದೇನೆಂದು ಯಾರಿಗೂ ಹೇಳಿಲ್ಲ.

ಆಕ್ಷೇಪ ಬಲವಾದದ್ದೇ. ಆದರೂ ಅದು ನನ್ನನ್ನು ಪೂರ್ತಿಯಾಗಿ ಒಪ್ಪಿಸುವುದಿಲ್ಲ. ಗೋವಿನ ಹಾಡನ್ನು ಕೇಳಿ ಬೆಳೆದ ನಮಗೆ, ತಿನ್ನುವ ಪ್ರಾಣಿಗೂ ತಿನ್ನಿಸಿಕೊಳ್ಳುವ ಪ್ರಾಣಿಗೂ ನಡುವೆ ಮಾತು ನಡೆಯುತ್ತದೆಂಬ ಕಲ್ಪನೆ ರಕ್ತದಲ್ಲಿದೆ. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತನ್ನು ಮುರಿದಿದ್ದರೆ ಅದನ್ನು ಯಾವ ನ್ಯಾಯಾಲಯವೂ ತಪ್ಪೆನ್ನುತ್ತಿರಲಿಲ್ಲ. ಹುಲಿಗೆ ಸುಳ್ಳು ಹೇಳಿ ತಪ್ಪಿಸಿಕೊಳ್ಳುವುದು ಹಸುವಿನ ಹಕ್ಕು. ಆದರೂ ಕವಿಗೆ ಆ ಹಕ್ಕು ಸಾಲದಾಯಿತು. ಹಾಡು ಹುಲಿಯ ಹಿತಕ್ಕಾಗಿ ಹುಟ್ಟಿದ್ದಲ್ಲ. ಮಾತು ಆಡಿದವರ ಹಿತಕ್ಕಾಗಿ ಹುಟ್ಟಿದ್ದು. ಸುಳ್ಳು ಕೇಳಿದವನಿಗೆ ಏನಾಯಿತೆಂಬುದು ಒಂದು ಪ್ರಶ್ನೆ, ಹೇಳಿದವನು ಏನಾದನೆಂಬುದು ಇನ್ನೊಂದು. ಮೀನಿನ ವಿಷಯದಲ್ಲಿ ಮೊದಲನೆಯದಕ್ಕೆ ಉತ್ತರವಿಲ್ಲವೆಂದೇ ಇಟ್ಟುಕೊಂಡರೂ ಎರಡನೆಯದು ಹಾಗೆಯೇ ಉಳಿಯುತ್ತದೆ.

ಗೆಳೆಯರೊಡನೆ ಈ ಚರ್ಚೆ ಮಾಡಿದಾಗ ಅವರು ನಕ್ಕು, ‘ನಿಮ್ಮ ಧರ್ಮರಾಯ ಇರಲಿ, ಮೊದಲು ಮೀನಿನ ಬಾಯಿ ನೋಡಿ’ ಎಂದರು. ಅವರ ವಾದ ಹೀಗೆ. ಎರೆಯನ್ನು ಮೀನು ಆಹಾರವೆಂದೇ ತಿಳಿದು ನುಂಗುತ್ತದೆ. ಗಾಳ ಗಂಟಲಿಗೂ ಒಮ್ಮೊಮ್ಮೆ ಹೊಟ್ಟೆಗೂ ಇಳಿಯುತ್ತದೆ. ಹುಸಿಯೆರೆಯನ್ನು ಕಚ್ಚಿದೊಡನೆ ಅದು ಗಟ್ಟಿ ಎಂದು ಗೊತ್ತಾಗಿಬಿಡುತ್ತದೆ, ಉಗುಳಲು ನೋಡುತ್ತದೆ. ಆದುದರಿಂದ ಗಾಳ ಸಾಮಾನ್ಯವಾಗಿ ತುಟಿಗೋ ದವಡೆಯ ಅಂಚಿಗೋ ಹತ್ತುತ್ತದೆ. ಹಿಡಿದು ಬಿಟ್ಟ ಮೀನುಗಳು ಬದುಕುತ್ತವೆಯೇ ಎಂದು ಹಲವು ದೇಶಗಳಲ್ಲಿ ಪರೀಕ್ಷೆ ಮಾಡಿದವರು ಕಂಡದ್ದೂ ಬಹುಮಟ್ಟಿಗೆ ಇದೇ: ನಿಜವಾದ ಎರೆಯಲ್ಲಿ ಗಾಳ ಹೆಚ್ಚು ಆಳಕ್ಕೆ ಹೋಗುತ್ತದೆ, ಆಳಕ್ಕೆ ಹೋದದ್ದು ಹೆಚ್ಚು ಕೊಲ್ಲುತ್ತದೆ. ಅಂದರೆ ಸುಳ್ಳು ತುಟಿಯಲ್ಲಿ ನಿಲ್ಲುತ್ತದೆ, ನಿಜ ಕರುಳಿಗೆ ಇಳಿಯುತ್ತದೆ. ಈ ಮಾತಿನ ಮುಂದೆ ನನ್ನ ಧರ್ಮರಾಯನ ಉಪಮೆ ನನಗೇ ಇನ್ನಷ್ಟು ಸರಿಯೆನ್ನಿಸಿತು, ಆದರೆ ಆ ದಿನ ಅದನ್ನು ಹೇಳಲಿಲ್ಲ.

ಅವರ ಇನ್ನೊಂದು ವಾದವೂ ಉಂಟು. ಹುಸಿಯೆರೆಗೆ ಬೀಳುವುದು ಬೇಟೆಯಾಡುವ ಮೀನು ಮಾತ್ರ; ಗಾಯಗೊಂಡ ಸಣ್ಣ ಮೀನೆಂದು ನಂಬಿ ಅದರ ಮೇಲೆ ಎರಗಿದ್ದು. ‘ಬಡಪಾಯಿಯನ್ನು ಹೊಡೆಯಲು ಬಂದ ಪುಂಡನನ್ನು ಹಿಡಿದರೆ ಏನು ತಪ್ಪು?’ ಎನ್ನುತ್ತಾರೆ. ಇದು ಪೊಲೀಸರ ನ್ಯಾಯ, ಕಡಲಿನ ನ್ಯಾಯವಲ್ಲ. ಕೆಂಬೇರಿ ಮೀನು ಪುಂಡನೂ ಅಲ್ಲ, ಬೂತಾಯಿ ಬಡಪಾಯಿಯೂ ಅಲ್ಲ. ಹಸಿದದ್ದು ತಿನ್ನಲು ಬಂದಿತು, ಅಷ್ಟೆ. ತಾನೂ ಪಾಚಿಗಟ್ಟಿದ ಬಂಡೆಯ ಮೇಲೆ ಪ್ರಾಣ ಪಣವಿಟ್ಟು ನಿಲ್ಲುವುದರಿಂದ ಇದು ಸಮಾನರ ಪಂದ್ಯ ಎಂದೂ ಅವರು ಒಮ್ಮೆ ಹೇಳಿದ್ದುಂಟು. ಅಪಾಯವೇನೋ ನಿಜ, ಅಲೆ ಬಂಡೆಯ ಮೇಲಿನವರನ್ನು ಎಳೆದುಕೊಂಡು ಹೋದ ಸುದ್ದಿ ಕರಾವಳಿಯವರಿಗೆ ಹೊಸದಲ್ಲ. ಆದರೆ ಒಬ್ಬನೇ ಒಪ್ಪಿದ ಪಂದ್ಯ ಪಂದ್ಯವಾಗುವುದು ಹೇಗೆ?

ಈಗ ಗೆಳೆಯರ ನಡತೆಯ ಮುಖ್ಯವಾದ ಸಂಗತಿಯನ್ನು ಹೇಳಬೇಕು. ಅವರು ಹಿಡಿದ ಮೀನನ್ನು ತಿನ್ನುವುದಿಲ್ಲ. ಗಾಳ ಬಿಡಿಸಿ, ಕೈಯನ್ನು ಒದ್ದೆ ಮಾಡಿಕೊಂಡು, ತೂಕ ನೋಡಿ, ಒಂದು ಚಿತ್ರ ತೆಗೆದು, ನೀರಿಗೆ ಬಿಡುತ್ತಾರೆ. ಮೊಗವೀರರು ಎರಡನ್ನೂ ಮನೆಗೆ ಒಯ್ದು ಹುಳಿ ಮಾಡಿ ಉಣ್ಣುತ್ತಾರೆ. ನಮ್ಮಲ್ಲಿ ಯಾರನ್ನು ಕೇಳಿದರೂ ಬಿಟ್ಟವನೇ ದಯಾಳು, ತಿಂದವನು ಕೊಂದವನು ಎಂದಾರು. ಸಸ್ಯಾಹಾರಿಗಳಂತೂ ಬೇರೆ ಮಾತನ್ನೇ ಆಡರು. ಆದರೆ ಸ್ವಿಟ್ಜರ್ಲೆಂಡ್ ದೇಶದಲ್ಲಿ 2008ರಲ್ಲಿ ಜಾರಿಗೆ ಬಂದ ಪ್ರಾಣಿರಕ್ಷಣೆಯ ನಿಯಮ ಇದನ್ನು ತಲೆಕೆಳಗು ಮಾಡಿತು. ಮರಳಿ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದು ಅಲ್ಲಿ ನಿಷಿದ್ಧ. ಜರ್ಮನಿಯ ಕಾನೂನೂ, ಪ್ರಾಣಿಗೆ ನೋವು ಕೊಡಬೇಕಾದರೆ ತಕ್ಕ ಕಾರಣ ಬೇಕು ಎನ್ನುತ್ತದೆ. ಊಟ ತಕ್ಕ ಕಾರಣ. ಬರಿಯ ವಿನೋದ ಅಲ್ಲ. ಆ ಕಾನೂನಿನ ಕಣ್ಣಿಗೆ ಕಾಪುವಿನ ಮುದುಕರು ನಿರಪರಾಧಿ, ನನ್ನ ಕರುಣಾಳು ಗೆಳೆಯರು ಅಪರಾಧಿ.

ಮೀನಿಗೆ ನೋವಾಗುತ್ತದೆಯೇ ಎಂಬುದೇ ಇಲ್ಲಿ ತಳಹದಿಯ ಪ್ರಶ್ನೆ. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಗಾಯವನ್ನು ಗ್ರಹಿಸುವ ನರಗಳಿರುವುದನ್ನು ತೋರಿಸಿದರು. ತುಟಿಗೆ ಜೇನ್ನೊಣದ ವಿಷವನ್ನೋ ಆಮ್ಲವನ್ನೋ ಚುಚ್ಚಿದ ಮೀನುಗಳು ಸುಮಾರು ಮೂರು ಗಂಟೆಗಳ ಕಾಲ ಆಹಾರ ಮುಟ್ಟಲಿಲ್ಲ. ಆಮ್ಲ ತಗುಲಿದವು ತುಟಿಯನ್ನು ತಳದ ಜಲ್ಲಿಗೆ ಉಜ್ಜಿಕೊಂಡವು. ಮೀನಿಗೆ ನಮ್ಮಂಥ ಮಿದುಳಿನ ಹೊರಪದರವಿಲ್ಲ, ಆದ್ದರಿಂದ ಅದು ಅನುಭವಿಸುವುದನ್ನು ನೋವೆನ್ನಲಾಗದು ಎಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ವಾದ ಮುಗಿದಿಲ್ಲ. ನಾನು ಶಾಸ್ತ್ರಜ್ಞನಲ್ಲ, ಆದರೆ ತುಟಿಯನ್ನು ಜಲ್ಲಿಗೆ ಉಜ್ಜಿಕೊಳ್ಳುವ ಜೀವಿಯ ಚಿತ್ರ ಒಮ್ಮೆ ಮನಸ್ಸಿಗೆ ಹೊಕ್ಕರೆ, ಹೊರಪದರದ ವಾದದಿಂದ ಅದನ್ನು ಹೊರಗೆ ಹಾಕುವುದು ಕಷ್ಟ.

ಗೆಳೆಯರು ಕೊಲ್ಲುವುದಿಲ್ಲ, ಕೊಲ್ಲುವಂತೆ ಆಡುತ್ತಾರೆ. ಇದನ್ನು ಯೋಚಿಸುವಾಗಲೆಲ್ಲ ನನಗೆ ಜನ್ನನ ನೆನಪಾಗುತ್ತದೆ. 1209ರಲ್ಲಿ ಮುಗಿದ ಅವನ ಯಶೋಧರ ಚರಿತೆಯಲ್ಲಿ ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದ ರಾಜ, ಜೀವಂತ ಪ್ರಾಣಿಯನ್ನು ಬಲಿಗೊಡಲು ಒಪ್ಪದೆ, ಹಿಟ್ಟಿನ ಕೋಳಿಯೊಂದನ್ನು ಮಾಡಿಸಿ ಕಡಿಯುತ್ತಾನೆ. ಕೋಳಿ ಹುಸಿ, ಆದರೆ ಸಂಕಲ್ಪ ನಿಜ. ಅದೊಂದರ ಫಲವಾಗಿ ತಾಯಿಮಗ ಇಬ್ಬರೂ ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನರಳಬೇಕಾಗುತ್ತದೆ. ಅವುಗಳಲ್ಲಿ ಮಗ ಮೀನಾಗಿಯೂ ತಾಯಿ ಮೊಸಳೆಯಾಗಿಯೂ ಹುಟ್ಟಿದ ಜನ್ಮವೊಂದುಂಟು. ಕಾಲೇಜಿನಲ್ಲಿ ಇದನ್ನು ಪಾಠ ಹೇಳುವಾಗ ಪ್ರತಿವರ್ಷ ಯಾರಾದರೊಬ್ಬ ವಿದ್ಯಾರ್ಥಿ, ‘ಹಿಟ್ಟಿಗೆ ಇಷ್ಟು ದೊಡ್ಡ ಶಿಕ್ಷೆಯೇ ಸಾರ್?’ ಎಂದು ಕೇಳುತ್ತಾನೆ. ಕೇಳಬೇಕಾದದ್ದೇ. ಜೈನರ ಲೆಕ್ಕದಲ್ಲಿ ಬದುಕಿನ ಕೆಲಸಗಳ ನಡುವೆ ಗೃಹಸ್ಥನಿಂದ ಘಟಿಸುವ ಹಿಂಸೆ ಬೇರೆ, ಕೊಲ್ಲುವೆನೆಂದು ಮನಸ್ಸು ಮಾಡಿ ಎಸಗುವ ಹಿಂಸೆ ಬೇರೆ, ಎರಡನೆಯದಕ್ಕೆ ಕ್ಷಮೆಯಿಲ್ಲ. ಮೀನು ಹಿಡಿಯುವುದನ್ನು ಜೈನರು ಯಾವ ಲೆಕ್ಕದಲ್ಲಿಯೂ ಒಪ್ಪರೆಂಬುದು ನಿಜ. ಮೊಗವೀರರಿಗೆ ಅಲ್ಲಿ ಆಶ್ರಯ ದೊರೆಯದು. ಆದರೆ ಜನ್ನನ ಕಥೆಯಿಂದ ನನಗೆ ಬೇಕಾದದ್ದು ಇಷ್ಟೆ: ಸತ್ತದ್ದು ಏನು ಎಂಬುದರಿಂದಲೇ ಕೃತ್ಯವನ್ನು ಅಳೆಯಲಾಗದು. ಮೀನು ಈಜಿಕೊಂಡು ಹೋಯಿತೆಂಬುದರಿಂದ ಗೆಳೆಯರ ಲೆಕ್ಕ ಸೊನ್ನೆಯಾಗುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಬಂಡೆಯ ಮೇಲಿನ ಇಬ್ಬರು ಬಡವರನ್ನು ಹಿಡಿದುಕೊಂಡು ಕಡಲಿನ ಕಡೆಗೆ ಬೆನ್ನು ಹಾಕಿದಂತಾಗುತ್ತದೆ. ತಲೆ ಎತ್ತಿ ನೋಡಿದರೆ ದಿಗಂತದಲ್ಲಿ ಟ್ರಾಲರುಗಳ ಸಾಲು. ಅವು ಯಾರಿಗೂ ಸುಳ್ಳು ಹೇಳುವುದಿಲ್ಲ. ಬಲೆಗೆ ಎರೆಯೂ ಬೇಡ, ಹುಸಿಯೆರೆಯೂ ಬೇಡ; ತಳವನ್ನು ಗುಡಿಸಿಕೊಂಡು ಹೋಗುವುದಷ್ಟೆ. ಬೇಕಾದದ್ದೂ ಬೇಡವಾದದ್ದೂ, ಬೆಳೆದದ್ದೂ ಮರಿಯೂ ಒಟ್ಟಿಗೆ ಬರುತ್ತವೆ. ಊರಿನವರೆಲ್ಲ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಮೂಲೆಗೆ ಬಿತ್ತು. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗೆ ನಿಷೇಧವಿದೆ. ಕಡಲಿಗೆ ಸಿಕ್ಕುವ ಬಿಡುವು ಅಷ್ಟೆ. ಬಲವೂ ಮೋಸವೂ ಎರಡೂ ಮನುಷ್ಯನಿಗೆ ತಕ್ಕವಲ್ಲ, ಅವುಗಳಲ್ಲಿ ಮೋಸವೇ ಹೆಚ್ಚು ಹೇಯ ಎಂದು ರೋಮಿನ ಸಿಸೆರೊ ತೀರ್ಮಾನಿಸಿದ್ದ. ನಾವೂ ಹಾಗೆಯೇ ತೀರ್ಮಾನಿಸುತ್ತೇವೆ. ಜೇಬುಗಳ್ಳನನ್ನು ಬೈದಷ್ಟು ಬಾಯಿತುಂಬ ದರೋಡೆಕೋರನನ್ನು ಬೈಯುವುದಿಲ್ಲ. ಆದರೆ ಮೀನಿಗೆ ಮತ ಕೊಟ್ಟರೆ ಸಿಸೆರೊ ಗೆಲ್ಲುವನೆಂದು ನನಗೆ ತೋರುವುದಿಲ್ಲ. ಮೋಸಕ್ಕೆ ಒಂದು ಸಲಕ್ಕೆ ಒಂದೇ ಮೀನು ಬೀಳುತ್ತದೆ, ಅದೂ ಬೀಳದೆ ಇರಬಹುದು. ಗಾಳದ ಮುಂದೆ ಮೀನಿಗೆ ತಿರಸ್ಕರಿಸುವ ಸ್ವಾತಂತ್ರ್ಯವಾದರೂ ಉಂಟು.

ಹಾಗಾದರೆ ನನ್ನ ಮನಸ್ಸು ಯಾವ ಕಡೆಗೆ? ಮುದುಕರ ಕಡೆಗೆ. ಅವರ ಎರೆ ಅರ್ಧ ಸತ್ಯ. ಅವರ ಗಾಳ ಕರುಳಿಗೆ ಇಳಿಯುತ್ತದೆ. ಅವರ ಮೀನು ಸಾಯುತ್ತದೆ. ಇಷ್ಟನ್ನೂ ಒಪ್ಪಿಕೊಂಡೇ ಹೇಳುತ್ತೇನೆ. ಅವರ ಹಸಿವಿಗೆ ಒಂದು ಅಳತೆಯಿದೆ. ಎರಡು ಮೀನಿಗೆ ಮಡಕೆ ತುಂಬುತ್ತದೆ, ದಾರ ಸುತ್ತಿಕೊಳ್ಳುತ್ತಾರೆ. ಗೆಳೆಯರು ಬೆಳಗಿನಿಂದ ಬಿಸಿಲೇರುವವರೆಗೆ ಒಂಬತ್ತು ಹಿಡಿದು ಒಂಬತ್ತನ್ನೂ ಬಿಟ್ಟರೂ ಹತ್ತನೆಯದನ್ನು ಬೇಡವೆನ್ನಲು ಅವರಲ್ಲಿ ಕಾರಣವೇ ಇಲ್ಲ. ಮುದುಕರಿಗೆ ಮೋಸ ಒಂದು ಸಾಧನ. ಮೀನು ತಾನಾಗಿ ಬುಟ್ಟಿಗೆ ಹಾರಿದರೆ ಅವರಿಗೆ ಇನ್ನೂ ಸಂತೋಷ. ಗೆಳೆಯರಿಗೆ ಮೋಸವೇ ಊಟ. ಮೀನು ತಾನಾಗಿ ಹಾರಿ ಬಂದು ಬಿದ್ದರೆ ಅವರ ಬೆಳಗು ಕೆಟ್ಟುಹೋಗುತ್ತದೆ. ಇದು ಹೊಸ ಕಾಲದ ರೋಗವೂ ಅಲ್ಲ. ನಮ್ಮ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ರಚಿಸಿದ ಸಂಸ್ಕೃತದ ಮಾನಸೋಲ್ಲಾಸದಲ್ಲಿ ಗಾಳ ಹಾಕುವುದಕ್ಕೆಂದೇ ಒಂದು ಭಾಗವುಂಟು. ಕಡಲ ಮೀನು ಯಾವುವು, ಹೊಳೆಯವು ಯಾವುವು, ಯಾವ ಮೀನಿಗೆ ಯಾವ ಆಹಾರ ಹಿಡಿಸುತ್ತದೆ ಎಂದು ಬಲು ಶ್ರದ್ಧೆಯಿಂದ ಹೇಳಿದೆ. ಅದನ್ನು ಸೇರಿಸಿರುವುದು ಅಡಿಗೆಯ ಭಾಗದಲ್ಲಲ್ಲ, ವಿನೋದಗಳಲ್ಲಿ, ಹೆಸರೇ ಮತ್ಸ್ಯವಿನೋದ. ಇಂಗ್ಲಿಷಿನಲ್ಲಿ ಐಸಾಕ್ ವಾಲ್ಟನ್ 1653ರಲ್ಲಿ ಬರೆದ ಪುಸ್ತಕವೂ ಗಾಳ ಹಾಕುವವನನ್ನು ಸಾಧುವೆಂದೇ ಚಿತ್ರಿಸಿತು. ಅದಕ್ಕಾಗಿ ಬೈರನ್ ಕವಿ ಅವನನ್ನು ಕಟುವಾಗಿ ಹಂಗಿಸಿದ್ದಾನೆ.

ಇದನ್ನೆಲ್ಲ ಗೆಳೆಯರಿಗೆ ಒಂದು ಸಂಜೆ ಹೇಳಿದೆ. ಅವರು ಬೇಸರಪಡಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದು ಮುರು ಮೀನಿನ ಸಂಗತಿಯನ್ನು ಎತ್ತಿದರು. ಆ ಜಾತಿಯವು ಸಾಮಾನ್ಯವಾಗಿ ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಕೆಲವು ಗಂಡಾಗಿ ತಿರುಗುತ್ತವೆ. ಒಂದು ಬಂಡೆಯ ದೊಡ್ಡ ಮೀನುಗಳನ್ನೆಲ್ಲ ಹುಳಿ ಮಾಡಿ ಉಂಡರೆ ಅಲ್ಲಿ ಗಂಡೇ ಉಳಿಯುವುದಿಲ್ಲ. ‘ನಿಮ್ಮ ಮುದುಕರು ಒಯ್ದದ್ದನ್ನು ಕಡಲು ಮತ್ತೆ ಬೆಳೆಸಬೇಕು, ನಾನು ಬಿಟ್ಟದ್ದು ಅಲ್ಲಿಯೇ ಇದೆ’ ಎಂದರು. ಮಾತು ನಿಜ. ಮೀನಿನ ಕುಲದ ದೃಷ್ಟಿಯಿಂದ ಅವರು ಸರಿ. ಗಾಳಕ್ಕೆ ಸಿಕ್ಕ ಆ ಒಂದು ಮೀನಿನ ದೃಷ್ಟಿಯಿಂದ ಇಬ್ಬರೂ ಸರಿಯಲ್ಲ. ಎರಡು ದೃಷ್ಟಿಗಳನ್ನು ಕೂಡಿಸುವ ವಿದ್ಯೆ ನನಗೆ ಬರುವುದಿಲ್ಲ.

ಮುಂದಿನ ವಾರ ಹೋದಾಗ ಅವರು ಬಂಡೆಯ ಮೇಲೆ ಕೂತು ಸಣ್ಣ ಇಕ್ಕಳದಿಂದ ತಮ್ಮ ಗಾಳಗಳ ಹಿಮ್ಮುಳ್ಳುಗಳನ್ನು ಒಂದೊಂದಾಗಿ ಅದುಮಿ ಮಟ್ಟಸ ಮಾಡುತ್ತಿದ್ದರು. ಹಿಮ್ಮುಳ್ಳಿಲ್ಲದ ಗಾಳ ಬಿಡಿಸುವುದು ಸುಲಭ, ಗಾಯವೂ ಚಿಕ್ಕದು. ಆದರೆ ದಾರ ಕ್ಷಣ ಸಡಿಲವಾದರೆ ಮೀನು ತಲೆ ಕೊಡವಿ ಕಳಚಿಕೊಳ್ಳುತ್ತದೆ. ಆ ಬೆಳಗ್ಗೆ ನಾಲ್ಕು ಹತ್ತಿದವು, ಮೂರು ತಪ್ಪಿಸಿಕೊಂಡವು. ಮೂರನೆಯದು ದೊಡ್ಡದು, ನೊರೆಯಲ್ಲಿ ಕೆಂಪಗೆ ಒಮ್ಮೆ ಹೊರಳಿದ್ದನ್ನು ನಾನೂ ಕಂಡೆ. ಬೇಸರವಾಯಿತೇ ಎಂದು ಕೇಳಿದ್ದಕ್ಕೆ ಅವರು, ಇನ್ನೂ ಗೊತ್ತಾಗಿಲ್ಲ ಎಂದು ಹೇಳಿ ಮತ್ತೆ ಕೋಲನ್ನು ಬೀಸಿದರು.